ಪೋಸ್ಟ್‌ಫಿಕ್ಸ್: ಲಾಗ್ ಓದುವವರಿಗೆ ಹೇಳಿ ಮಾಡಿಸಿದ ಮೇಲ್ ಸರ್ವರ್

ಸ್ವಂತ ಡೊಮೇನ್‌ಗೆ ಸ್ವಂತ ಮೇಲ್ ಸರ್ವರ್ ನಿಲ್ಲಿಸಲು ಹೊರಟವರ ಮುಂದೆ ಮೊದಲು ಬರುವ ಹೆಸರು ಪೋಸ್ಟ್‌ಫಿಕ್ಸ್. ಆದರೆ ಮೇಲ್ ಪಡೆದು ಸಾಗಿಸುವ ಪೋಸ್ಟ್‌ಫಿಕ್ಸ್ ಒಂದೇ ಇದ್ದರೆ ಯಾರ ಇನ್‌ಬಾಕ್ಸೂ ತೆರೆಯುವುದಿಲ್ಲ. ಹಾಗಾಗಿ ಅದರ ಪಕ್ಕದಲ್ಲಿ ಕೂರುವ, ಇನ್‌ಬಾಕ್ಸ್ ತೆರೆದು ತೋರಿಸುವ ಡವ್‌ಕಾಟ್ ಮತ್ತು ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿಯನ್ನೂ ಸೇರಿಸಿಯೇ ಇಲ್ಲಿ ತೂಗಿ ನೋಡಿದ್ದೇವೆ. ತೀರ್ಪು ಮೊದಲೇ ಹೇಳಿಬಿಡೋಣ. ಪೋಸ್ಟ್‌ಫಿಕ್ಸ್ ಕೆಡುವುದು ಅಪರೂಪ, ಕೆಟ್ಟರೆ ಕಾರಣವನ್ನು ಲಾಗ್‌ನಲ್ಲಿ (ನಡೆದದ್ದರ ದಾಖಲೆ) ಬರೆದಿಟ್ಟೇ ಕೆಡುತ್ತದೆ. ತೊಂದರೆ ಹೆಚ್ಚಾಗಿ ಬರುವುದು ಅದರ ಸುತ್ತಲಿನ ಡಿಎನ್‌ಎಸ್ (ಡೊಮೇನ್ ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ), ಸಾಕೆಟ್ (ಎರಡು ಪ್ರೋಗ್ರಾಮ್‌ಗಳು ಮಾತಾಡುವ ಕೊಂಡಿ), ಫಿಲ್ಟರ್‌ಗಳಿಂದ. ಲಾಗ್ ತೆರೆಯುವ ಅಭ್ಯಾಸವಿಲ್ಲದವರಿಗೆ ಇದು ತಲೆನೋವು, ಇರುವವರಿಗೆ ಇದಕ್ಕಿಂತ ನೆಟ್ಟಗಿನ ಸರ್ವರ್ ಸಿಗುವುದು ಕಷ್ಟ.

ಇದನ್ನು ಬರೆದವರು ವೀಟ್ಸೆ ವೆನೆಮಾ, ಐಬಿಎಂನ ಥಾಮಸ್ ಜೆ. ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ. ಮೊದಲಿಗೆ ವಿಮೇಲರ್ ಎಂಬ ಹೆಸರಿತ್ತು, 1998ರ ಡಿಸೆಂಬರ್‌ನಲ್ಲಿ ಐಬಿಎಂ ಸೆಕ್ಯೂರ್ ಮೇಲರ್ ಎಂದು ಹೊರಬಂತು. ಹಳೆಯ ಮೇಲ್ ಸರ್ವರ್ ಸೆಂಡ್‌ಮೇಲ್‌ನ ಒಂದೇ ದೊಡ್ಡ ಪ್ರೋಗ್ರಾಮ್‌ನ ಬದಲು ಇಲ್ಲಿ ಸಣ್ಣ ಸಣ್ಣ ಪ್ರೋಗ್ರಾಮ್‌ಗಳ ಗುಂಪಿದೆ. ಹೊರಗಿನಿಂದ ಮೇಲ್ ತೆಗೆದುಕೊಳ್ಳುವುದು ಎಸ್‌ಎಮ್‌ಟಿಪಿಡಿ, ತಿದ್ದಿ ಕ್ಯೂಗೆ ಹಾಕುವುದು ಕ್ಲೀನಪ್, ಸರದಿ ನೋಡಿಕೊಳ್ಳುವುದು ಕ್ಯೂಎಮ್‌ಜಿಆರ್, ಹೊರಗೆ ಕಳಿಸುವುದು ಎಸ್‌ಎಮ್‌ಟಿಪಿ. ಒಂದು ಬಿದ್ದರೆ ಇನ್ನೊಂದು ಬೀಳುವುದಿಲ್ಲ. ಪ್ರತಿಯೊಂದೂ ತನ್ನ ಹೆಸರು ಹಾಕಿಯೇ ಲಾಗ್ ಬರೆಯುವುದರಿಂದ ಮೇಲ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವಾಗ ಅರ್ಧ ಉತ್ತರ ಆ ಹೆಸರಿನಲ್ಲೇ ಸಿಗುತ್ತದೆ.

ಇನ್‌ಸ್ಟಾಲ್ ಮಾಡುವುದು ಐದು ನಿಮಿಷದ ಕೆಲಸ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕಷ್ಟ ಶುರುವಾಗುವುದು ಮುಖ್ಯ ಸೆಟ್ಟಿಂಗ್‌ಗಳಿರುವ ಮೇನ್.ಸಿಎಫ್ ಫೈಲ್‌ನಲ್ಲಿ. ನೋಡಲು ಸರಳ: ಎಡಕ್ಕೆ ಹೆಸರು, ಬಲಕ್ಕೆ ಅದರ ಬೆಲೆ (ವ್ಯಾಲ್ಯೂ). ಆದರೆ ಎರಡು ಗುಂಡಿಗಳಿವೆ. ಮೊದಲನೆಯದು, ಸಾಲಿನ ಆರಂಭದಲ್ಲಿ ಒಂದು ಸ್ಪೇಸ್ ಇದ್ದರೂ ಅದು ಹಿಂದಿನ ಸಾಲಿನ ಮುಂದುವರಿಕೆ ಆಗಿಬಿಡುತ್ತದೆ. ಎರಡನೆಯದು, ಸಾಲಿನ ಮಧ್ಯದಲ್ಲಿ # ಹಾಕಿ ಬರೆದ ಟಿಪ್ಪಣಿ ಇಲ್ಲಿ ಟಿಪ್ಪಣಿಯೇ ಅಲ್ಲ, ಬೆಲೆಯ ಭಾಗ. ಬೇರೆಲ್ಲ ಕಡೆ ನಡೆಯುವ ರೂಢಿ ಇಲ್ಲಿ ನಡೆಯುವುದಿಲ್ಲ. ಪ್ಯಾರಾಮೀಟರ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸರ್ವರ್ ತಕರಾರಿಲ್ಲದೆ ಓಡುತ್ತದೆ, ನೀವು ಹಾಕಿದ ಸೆಟ್ಟಿಂಗ್ ಮಾತ್ರ ಜಾರಿಗೆ ಬಂದಿರುವುದಿಲ್ಲ. ಆದ್ದರಿಂದ ಪ್ರತಿ ಬದಲಾವಣೆಯ ನಂತರ ‘ಪೋಸ್ಟ್‌ಕಾನ್ಫ್ -ಎನ್’ ಓಡಿಸಬೇಕು. ಮೇನ್.ಸಿಎಫ್‌ನಲ್ಲಿ ಬರೆದಿರುವ ಸೆಟ್ಟಿಂಗ್‌ಗಳನ್ನಷ್ಟೇ ಅದು ತೋರಿಸುತ್ತದೆ, ಬಳಕೆಯಾಗದ ಹೆಸರು ಕಂಡರೆ ಎಚ್ಚರಿಸುತ್ತದೆ. ಆಮೇಲೆ ‘ಪೋಸ್ಟ್‌ಫಿಕ್ಸ್ ಚೆಕ್’, ಆಮೇಲೆ ‘ಪೋಸ್ಟ್‌ಫಿಕ್ಸ್ ರೀಲೋಡ್’. ಯಾವ ಸರ್ವೀಸ್ ಹೇಗೆ ಓಡಬೇಕೆಂದು ಹೇಳುವ ಮಾಸ್ಟರ್.ಸಿಎಫ್‌ನಲ್ಲಿ ‘-ಒ’ ಹಾಕಿ ಸೆಟ್ಟಿಂಗ್ ಕೊಡುವಾಗ = ಗುರುತಿನ ಎರಡೂ ಕಡೆ ಸ್ಪೇಸ್ ಬಿಡುವಂತಿಲ್ಲ, ಮೇನ್.ಸಿಎಫ್‌ನಲ್ಲಿ ಬಿಡಬಹುದು. ಒಂದೇ ಸಾಫ್ಟ್‌ವೇರ್‌ನ ಎರಡು ಫೈಲ್‌ಗಳಲ್ಲಿ ಎರಡು ನಿಯಮ. ಇದಕ್ಕೆ ಒಂದು ಅಂಕ ಕಡಿಮೆ ಕೊಡಲೇಬೇಕು.

ಡೊಮೇನ್ ಎಲ್ಲಿ ಬರೆಯಬೇಕು ಎಂಬುದು ಹೊಸಬರು ಎಡವುವ ಇನ್ನೊಂದು ಕಡೆ. ಮೈಡೆಸ್ಟಿನೇಶನ್‌ನಲ್ಲಿ ಬರೆದರೆ ಆ ಡೊಮೇನ್‌ನ ವಿಳಾಸಗಳು ಲಿನಕ್ಸ್ ಯೂಸರ್‌ಗಳದ್ದು ಎಂದು ಅರ್ಥ. ವರ್ಚುವಲ್_ಮೇಲ್‌ಬಾಕ್ಸ್_ಡೊಮೇನ್ಸ್‌ನಲ್ಲಿ ಬರೆದರೆ ಅವು ಡೇಟಾಬೇಸ್ ಅಥವಾ ಪಟ್ಟಿಯಲ್ಲಿರುವ ಖಾತೆಗಳದ್ದು. ಎರಡರಲ್ಲೂ ಬರೆದರೆ ಎತ್ತು ಏರಿಗೆ, ಕೋಣ ನೀರಿಗೆ. ಎರಡರಲ್ಲೂ ಹಾಕಬೇಡಿ ಎಂದು ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ, ಖಾತೆ ಇದ್ದರೂ ‘ಯೂಸರ್ ಅನ್‌ನೋನ್ ಇನ್ ಲೋಕಲ್ ರಿಸಿಪಿಯೆಂಟ್ ಟೇಬಲ್’ ಎಂದು ಮೇಲ್ ತಿರುಗಿ ಹೋಗುತ್ತದೆ. ಈ ತಾಪತ್ರಯ ಬೇಡವೆಂದು ಕೆಲವರು ಲೋಕಲ್_ರಿಸಿಪಿಯೆಂಟ್_ಮ್ಯಾಪ್ಸ್ ಅನ್ನು ಖಾಲಿ ಬಿಡುತ್ತಾರೆ. ಆಗ ಇಲ್ಲದ ವಿಳಾಸಗಳಿಗೂ ಮೇಲ್ ಸ್ವೀಕಾರವಾಗುತ್ತದೆ, ಆಮೇಲೆ ಸ್ಪ್ಯಾಮ್‌ನವರು ಸುಳ್ಳು ಹಾಕಿದ ಫ್ರಮ್ ವಿಳಾಸಕ್ಕೆ ‘ತಲುಪಲಿಲ್ಲ’ ಎಂಬ ಬೌನ್ಸ್ ಹೋಗುತ್ತದೆ. ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಟ ಹಾಗೆ. ಸ್ವಲ್ಪ ದಿನದಲ್ಲಿ ನಿಮ್ಮ ಐಪಿಯೇ ಕಪ್ಪುಪಟ್ಟಿಗೆ ಸೇರುತ್ತದೆ.

ಮೈನೆಟ್‌ವರ್ಕ್ಸ್ ಪಟ್ಟಿಯಲ್ಲಿ ಇರುವವರಿಗೆ ಪಾಸ್‌ವರ್ಡ್ ಬೇಡ, ಎಲ್ಲಿಗೆ ಬೇಕಾದರೂ ಮೇಲ್ ಕಳಿಸಬಹುದು. ಹಾಗಾಗಿ ಇದು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು: 127.0.0.0/8 (ಅಂದರೆ ಸರ್ವರ್ ತಾನೇ) ಸಾಕು, ಐಪಿವಿ6 ಇದ್ದರೆ [::1]/128 ಸಹ. ಪೋಸ್ಟ್‌ಫಿಕ್ಸ್ ಅನ್ನು ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಮ್ ಅನ್ನು ಬೇರೆಯಾಗಿ ಇಡುವ ಡಬ್ಬಿ) ಓಡಿಸುವವರು ಇಲ್ಲಿ ತುಂಬ ಎಚ್ಚರ ವಹಿಸಬೇಕು. ನೆಟ್‌ವರ್ಕ್ ಹೊಂದಿಸಿದ ರೀತಿಯಿಂದ ಹೊರಗಿನ ಐಪಿ ಮರೆಯಾಗಿ, ಬರುವವರೆಲ್ಲ 172.17.0.1ನಂಥ ಗೇಟ್‌ವೇ ವಿಳಾಸದಿಂದಲೇ ಬಂದಂತೆ ಕಾಣಬಹುದು. ಆ ವಿಳಾಸ ಮೈನೆಟ್‌ವರ್ಕ್ಸ್‌ನಲ್ಲಿ ಇದ್ದರೆ ನಿಮ್ಮದು ಓಪನ್ ರಿಲೇ, ಇಡೀ ಇಂಟರ್‌ನೆಟ್‌ಗೆ ಪುಕ್ಕಟೆ ಅಂಚೆ ಕಚೇರಿ. ಸರ್ವರ್ ಎದ್ದ ತಕ್ಷಣ ಹೊರಗಿನ ಯಂತ್ರದಿಂದ, ಸರ್ವರ್‌ಗಳ ನಡುವೆ ಮೇಲ್ ಸಾಗುವ 25ನೇ ಪೋರ್ಟ್‌ಗೆ ಕನೆಕ್ಟ್ ಆಗಿ, ಲಾಗಿನ್ ಇಲ್ಲದೆ ಬೇರೆ ಡೊಮೇನ್‌ಗೆ ಮೇಲ್ ಕಳಿಸಲು ನೋಡಿ. ‘554 5.7.1 ರಿಲೇ ಆಕ್ಸೆಸ್ ಡಿನೈಡ್’ ಅಥವಾ 454 ಬಂದರೆ ನೆಮ್ಮದಿ. ಇದೇ ಉತ್ತರ ನಿಮ್ಮ ಸ್ವಂತ ಬಳಕೆದಾರರಿಗೆ ಬರುತ್ತಿದ್ದರೆ ಎರಡೇ ಕಾರಣ: ಅವರ ಮೇಲ್ ಆ್ಯಪ್ ಲಾಗಿನ್ ಆಗದೆ ಕಳಿಸುತ್ತಿದೆ, ಇಲ್ಲವೇ ಮೇಲ್ ಹೋಗಬೇಕಾದ ನಿಮ್ಮದೇ ಡೊಮೇನ್ ಯಾವ ಪಟ್ಟಿಯಲ್ಲೂ ಇಲ್ಲ.

ಇನ್ನು ಲಾಗ್. ಈ ಸಾಲು ನೋಡಿ:

‘ರಿಲೇ=ನನ್, ಡಿಲೇ=30, ಡಿಲೇಸ್=0.05/0.01/30/0, ಡಿಎಸ್‌ಎನ್=4.4.1, ಸ್ಟೇಟಸ್=ಡಿಫರ್ಡ್, ಕನೆಕ್ಷನ್ ಟೈಮ್ಡ್ ಔಟ್’

ಡಿಲೇಸ್ ಎಂಬಲ್ಲಿರುವ ನಾಲ್ಕು ಅಂಕಿಗಳೇ ಪೋಸ್ಟ್‌ಫಿಕ್ಸ್ ಕೊಡುವ ದೊಡ್ಡ ಉಡುಗೊರೆ. ಮೊದಲನೆಯದು ಮೇಲ್ ಬಂದಾಗಿನಿಂದ ಕೊನೆಯ ಸಲ ಆ್ಯಕ್ಟಿವ್ ಕ್ಯೂಗೆ ಸೇರುವವರೆಗಿನ ಸೆಕೆಂಡುಗಳು. ಎರಡನೆಯದು ಅಲ್ಲಿ ಸರದಿ ಕಾದದ್ದು. ಮೂರನೆಯದು ಡಿಎನ್‌ಎಸ್ ಕೇಳಿ, ಕನೆಕ್ಟ್ ಆಗಿ, ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಗೆ ತಿರುಗಿಸುವುದು) ಮುಗಿಸಲು ಹಿಡಿದದ್ದು. ನಾಲ್ಕನೆಯದು ಮೇಲ್ ಸಾಗಿಸಲು ಹಿಡಿದದ್ದು. ಮೇಲಿನ ಸಾಲಿನಲ್ಲಿ ಮೂರನೆಯ ಅಂಕಿ ಸರಿಯಾಗಿ 30. ಕನೆಕ್ಟ್ ಆಗಲು ಪೋಸ್ಟ್‌ಫಿಕ್ಸ್ ಕಾಯುವ ಡೀಫಾಲ್ಟ್ ಮಿತಿಯೂ 30 ಸೆಕೆಂಡ್. ಅಂದರೆ ಆ ಕಡೆಯಿಂದ ಚಕಾರವೇ ಬಂದಿಲ್ಲ. ಎಲ್ಲ ಡೊಮೇನ್‌ಗಳಿಗೂ ಹೀಗೇ ಆದರೆ ನಿಮ್ಮ ಹೋಸ್ಟಿಂಗ್‌ನವರು ಹೊರಹೋಗುವ 25ನೇ ಪೋರ್ಟ್ ಮುಚ್ಚಿದ್ದಾರೆ ಎಂದೇ ತಿಳಿಯಿರಿ. ಕ್ಲೌಡ್ ಕಂಪನಿಗಳಲ್ಲಿ ಇದು ಮಾಮೂಲಿ. ಮೇನ್.ಸಿಎಫ್‌ನಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ, ಅವರನ್ನು ಕೇಳಿ ತೆರೆಸಬೇಕು ಅಥವಾ ರಿಲೇಹೋಸ್ಟ್ (ನಿಮ್ಮ ಪರವಾಗಿ ಮೇಲ್ ಸಾಗಿಸುವ ಬೇರೆ ಸರ್ವರ್) ಮೂಲಕ 587ನೇ ಪೋರ್ಟ್‌ನಲ್ಲಿ ಕಳಿಸಬೇಕು. ಎರಡನೆಯ ಅಂಕಿ ದೊಡ್ಡದಿದ್ದರೆ ದಟ್ಟಣೆ ನಿಮ್ಮ ಕಡೆಯೇ. ನಾಲ್ಕನೆಯದು ದೊಡ್ಡದಿದ್ದರೆ ಆ ಕಡೆಯ ಸರ್ವರ್ ನಿಧಾನ ಅಥವಾ ಅಟ್ಯಾಚ್‌ಮೆಂಟ್ ಭಾರ.

ಡಿಎಸ್‌ಎನ್, ಅಂದರೆ ಮೇಲ್‌ನ ಗತಿ ಹೇಳುವ ಕೋಡ್, 4ರಿಂದ ಶುರುವಾದರೆ ತಾತ್ಕಾಲಿಕ, ಪೋಸ್ಟ್‌ಫಿಕ್ಸ್ ತಾನೇ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಶುರುವಾದರೆ ಕೈಬಿಟ್ಟು ಬೌನ್ಸ್ ಮಾಡುತ್ತದೆ. ಮರುಪ್ರಯತ್ನದ ನಡುವೆ ಕನಿಷ್ಠ 300 ಸೆಕೆಂಡ್, ಗರಿಷ್ಠ 4000 ಸೆಕೆಂಡ್, ಒಟ್ಟು 5 ದಿನ. ಇಲ್ಲೊಂದು ನಿಜವಾದ ದೂರು ಇದೆ: ಮೇಲ್ ತಡವಾಗುತ್ತಿದೆ ಎಂದು ಕಳಿಸಿದವರಿಗೆ ತಿಳಿಸುವ ಡಿಲೇ_ವಾರ್ನಿಂಗ್_ಟೈಮ್ ಡೀಫಾಲ್ಟ್ ಆಗಿ 0, ಅಂದರೆ ಬಂದ್. ಮುಖ್ಯವಾದ ಕಾಗದ ಕ್ಯೂನಲ್ಲಿ ಕೊಳೆಯುತ್ತಿದ್ದರೂ ಬಳಕೆದಾರರಿಗೆ ಗೊತ್ತಾಗುವುದು ಆರನೇ ದಿನ. ಇದನ್ನು 4 ಗಂಟೆಗೆ ಇಡಿ.

ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಎರಡು ವಿಶೇಷ ಕಾಟಗಳಿವೆ. ಡೆಬಿಯನ್ 12ರಲ್ಲಿ ಲಾಗ್ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲವಾದ್ದರಿಂದ ಹಳೆಯ ಮೇಲ್.ಲಾಗ್ ಫೈಲ್ ಇರುವುದಿಲ್ಲ, ಜರ್ನಲ್‌ಸಿಟಿಎಲ್‌ನಲ್ಲೇ ನೋಡಬೇಕು. ಜೊತೆಗೆ ಆ ಆವೃತ್ತಿಯಲ್ಲಿ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಪೋಸ್ಟ್‌ಫಿಕ್ಸ್’ ಕೇಳಿದರೆ ‘ಆ್ಯಕ್ಟಿವ್ ಎಕ್ಸಿಟೆಡ್’ ಎನ್ನುತ್ತದೆ. ಅದು ಹೆಸರಿಗಷ್ಟೇ ಇರುವ ಸರ್ವೀಸ್, ನಿಜವಾದದ್ದು ಸತ್ತು ಬಿದ್ದಿದ್ದರೂ ಇದು ಹಸಿರು ತೋರಿಸುತ್ತಿರುತ್ತದೆ. ‘ಪೋಸ್ಟ್‌ಫಿಕ್ಸ್ ಸ್ಟೇಟಸ್’ ಕೇಳುವುದೇ ನಂಬಿಗಸ್ತ ದಾರಿ.

ಎರಡನೆಯದು ಕ್ರೂಟ್. ಮೂಲ ಪೋಸ್ಟ್‌ಫಿಕ್ಸ್ 3.0ರಿಂದ ಕ್ರೂಟ್ ಅನ್ನು ಡೀಫಾಲ್ಟ್‌ನಿಂದ ತೆಗೆದಿದೆ, ಆದರೆ ಡೆಬಿಯನ್‌ನ ಮಾಸ್ಟರ್.ಸಿಎಫ್‌ನಲ್ಲಿ ಹಲವು ಸರ್ವೀಸ್‌ಗಳಿಗೆ ಅದನ್ನು ಹಾಕಿಟ್ಟಿದ್ದರು. ಕ್ರೂಟ್‌ನೊಳಗಿನ ಪ್ರೋಗ್ರಾಮ್‌ಗೆ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಎಂಬುದೇ ಇಡೀ ಪ್ರಪಂಚ. ಡಿಎನ್‌ಎಸ್ ಯಾರನ್ನು ಕೇಳಬೇಕೆಂದು ತಿಳಿಯಲು ಅದು ಓದುವುದು ನಿಮ್ಮ ಅಸಲಿ ರಿಸಾಲ್ವ್.ಕಾನ್ಫ್ ಅಲ್ಲ, ಅಲ್ಲಿರುವ ನಕಲು. ಡಿಎನ್‌ಎಸ್ ಬದಲಾಯಿಸಿದ ಮೇಲೆ ನಕಲು ಹಳೆಯದಾಗಿಯೇ ಉಳಿದರೆ ‘ಡಿಗ್’ ಮಾಡಿದಾಗ ಎಲ್ಲ ಸರಿ, ಪೋಸ್ಟ್‌ಫಿಕ್ಸ್ ಮಾತ್ರ ‘ನೇಮ್ ಸರ್ವೀಸ್ ಎರರ್, ಟೈಪ್=ಎಮ್‌ಎಕ್ಸ್, ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೇನ್’ ಎಂದು ಹಟ ಹಿಡಿಯುತ್ತದೆ. ಎರಡೂ ಫೈಲ್‌ಗಳನ್ನು ‘ಡಿಫ್’ ಹಾಕಿ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಕೊಟ್ಟರೆ ನಕಲು ಹೊಸದಾಗುತ್ತದೆ.

ಡಿಎನ್‌ಎಸ್ ಮಾತು ಬಂತು, ಕಪ್ಪುಪಟ್ಟಿಯ ವಿಷಯವನ್ನೂ ಹೇಳಬೇಕು. ‘ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್’ ಮುಂದೆ, ಸ್ಪ್ಯಾಮ್ ಕಳಿಸುವ ಐಪಿಗಳನ್ನು ಪಟ್ಟಿ ಮಾಡುವ ಸ್ಪ್ಯಾಮ್‌ಹೌಸ್‌ನ ಝೆನ್ ಪಟ್ಟಿಯ ಹೆಸರು ಬರೆದು ಬಿಡುವುದು ಎಲ್ಲರ ಅಭ್ಯಾಸ. ಆದರೆ ಗೂಗಲ್‌ನ 8.8.8.8ನಂಥ ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್) ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಪಟ್ಟಿಯ ಉತ್ತರ ಕೊಡುವ ಬದಲು 127.255.255.254 ಎಂಬ ಎರರ್ ಕೋಡ್ ಕೊಡುತ್ತದೆ. ಪೋಸ್ಟ್‌ಫಿಕ್ಸ್‌ಗೆ ಅದು ಎರರ್ ಎಂದು ತಿಳಿಯುವುದಿಲ್ಲ; ಉತ್ತರ ಬಂತು, ಅಂದರೆ ಪಟ್ಟಿಯಲ್ಲಿದ್ದಾನೆ, ಅಷ್ಟೇ. ಪರಿಣಾಮ, ಒಳ್ಳೆಯವರು ಕೆಟ್ಟವರು ಎನ್ನದೆ ಪ್ರಪಂಚದ ಎಲ್ಲ ಮೇಲ್ ತಿರಸ್ಕಾರ. ಔಷಧ ಎರಡು, ಎರಡೂ ಬೇಕು. ಸರ್ವರ್‌ನಲ್ಲೇ ಅನ್‌ಬೌಂಡ್ ಎಂಬ ರಿಸಾಲ್ವರ್ ಪ್ರೋಗ್ರಾಮ್ ಹಾಕಿ 127.0.0.1 ಅನ್ನು ರಿಸಾಲ್ವರ್ ಮಾಡಿ. ಅದು ಬೇರೆಡೆಗೆ ಫಾರ್ವರ್ಡ್ ಮಾಡದೆ ತಾನೇ ನೇರವಾಗಿ ಕೇಳಬೇಕು. ಜೊತೆಗೆ ಪಟ್ಟಿಯ ಹೆಸರಿನ ಮುಂದೆ =127.0.0.[2..11] ಎಂದು ಸೇರಿಸಿ. ಆಗ ಆ ಉತ್ತರಗಳಿಗೆ ಮಾತ್ರ ಬೆಲೆ, ಎರರ್ ಕೋಡ್ ಬಂದರೆ ಲೆಕ್ಕಕ್ಕಿಲ್ಲ.

ಗಾತ್ರದ ಮಿತಿ ಇನ್ನೊಂದು. ಡೀಫಾಲ್ಟ್ 1,02,40,000 ಬೈಟ್. ಹತ್ತು ಎಂಬಿ ಅಟ್ಯಾಚ್‌ಮೆಂಟ್ ಹೋಗುತ್ತದೆ ಎಂದುಕೊಳ್ಳಬೇಡಿ. ಮೇಲ್‌ನಲ್ಲಿ ಸಾಗಲು ಬೇಸ್64 ಎಂಬ ಅಕ್ಷರರೂಪಕ್ಕೆ ಬದಲಾಗುವಾಗ ಫೈಲ್ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಊದಿಕೊಳ್ಳುತ್ತದೆ, ನಿಜವಾಗಿ ದಾಟುವುದು ಸುಮಾರು ಏಳೂವರೆ ಎಂಬಿ. ಮಿತಿ ಹೆಚ್ಚಿಸುವಾಗ ಮೇಲ್‌ಬಾಕ್ಸ್_ಸೈಜ್_ಲಿಮಿಟ್ ಅನ್ನೂ ನೋಡಿ. ಅದು 5,12,00,000. ಮೆಸೇಜ್ ಮಿತಿ ಅದನ್ನು ಮೀರಿದರೆ ಲೋಕಲ್ ಡೆಲಿವರಿ ಫೇಟಲ್ ಎರರ್ ಕೊಟ್ಟು ನಿಲ್ಲುತ್ತದೆ.

ಡವ್‌ಕಾಟ್ ಬಗ್ಗೆ. ಇದು ಟಿಮೊ ಸಿರೈನೆನ್ ಅವರ ಕೆಲಸ, 2002ರಿಂದ ಇದೆ. ಐಮ್ಯಾಪ್ ಸರ್ವರ್ (ಮೇಲ್ ಆ್ಯಪ್‌ಗೆ ಇನ್‌ಬಾಕ್ಸ್ ತೋರಿಸುವ ಸರ್ವರ್) ಆಗಿ ಇದರ ಮೇಲೆ ದೂರು ಕಡಿಮೆ. ಪೋಸ್ಟ್‌ಫಿಕ್ಸ್‌ಗೆ ಪಾಸ್‌ವರ್ಡ್ ಪರೀಕ್ಷಿಸಿ ಕೊಡುವುದೂ ಇದೇ, /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಪ್ರೈವೇಟ್/ಆತ್ ಎಂಬ ಸಾಕೆಟ್ ಮೂಲಕ. ಅನುಮತಿ 0660, ಯೂಸರ್ ಮತ್ತು ಗ್ರೂಪ್ ಎರಡೂ ಪೋಸ್ಟ್‌ಫಿಕ್ಸ್. ಪೋಸ್ಟ್‌ಫಿಕ್ಸ್ ಕಡೆಯಲ್ಲಿ ದಾರಿಯನ್ನು ಪೂರ್ತಿ ಬರೆಯದೆ ‘ಪ್ರೈವೇಟ್/ಆತ್’ ಎಂದಷ್ಟೇ ಬರೆಯಬೇಕು, ಇಲ್ಲದಿದ್ದರೆ ಕ್ರೂಟ್ ಒಳಗಿಂದ ಸಿಗುವುದಿಲ್ಲ. ಇಲ್ಲಿ ಒಂದು ಒಳ್ಳೆಯ ಅಭ್ಯಾಸ: ಲಾಗಿನ್ ಸೌಲಭ್ಯವನ್ನು ಮೇನ್.ಸಿಎಫ್‌ನಲ್ಲಿ ತೆರೆಯದೆ, ಮಾಸ್ಟರ್.ಸಿಎಫ್‌ನಲ್ಲಿ ಬಳಕೆದಾರರು ಮೇಲ್ ಕಳಿಸುವ 587 ಮತ್ತು 465ನೇ ಪೋರ್ಟ್‌ಗಳ ಸಾಲುಗಳ ಕೆಳಗೆ ಮಾತ್ರ ತೆರೆಯಿರಿ. ಮೇನ್.ಸಿಎಫ್‌ನಲ್ಲಿ ತೆರೆದಿಟ್ಟು ಯಾವತ್ತಾದರೂ ಡವ್‌ಕಾಟ್ ಬಿದ್ದರೆ ‘ನೋ ಎಸ್‌ಎಎಸ್‌ಎಲ್ ಅಥೆಂಟಿಕೇಶನ್ ಮೆಕ್ಯಾನಿಸಮ್ಸ್’ ಎಂದು ಎಸ್‌ಎಮ್‌ಟಿಪಿಡಿ ಸಾಯುತ್ತದೆ, ಅದರೊಂದಿಗೆ 25ನೇ ಪೋರ್ಟ್‌ನಲ್ಲಿ ಹೊರಗಿನಿಂದ ಬರುವ ಮೇಲ್ ಕೂಡ ನಿಲ್ಲುತ್ತದೆ. ಪಾಸ್‌ವರ್ಡ್ ತಕರಾರು ಬಂದಾಗ ಮೇಲ್ ಆ್ಯಪ್ ಜೊತೆ ಗುದ್ದಾಡಬೇಡಿ, ‘ಡವ್‌ಆ್ಯಡ್ಮ್ ಆತ್ ಟೆಸ್ಟ್’ ಮುಂದೆ ಯೂಸರ್ ಹೆಸರು ಕೊಟ್ಟು ನೋಡಿ. ಅಲ್ಲಿ ಪಾಸಾದರೆ ದೋಷ ಸಾಕೆಟ್‌ನದು ಅಥವಾ ಆ್ಯಪ್‌ನದು.

2025ರ ಜನವರಿಯಲ್ಲಿ ಬಂದ ಡವ್‌ಕಾಟ್ 2.4 ಮಾತ್ರ ಹಳಬರ ಸಿಟ್ಟಿಗೆ ಗುರಿಯಾಗಿದೆ, ಆ ಸಿಟ್ಟು ನ್ಯಾಯವೇ. 2.3ರ ಕಾನ್ಫಿಗ್ ಫೈಲ್ ಇದರಲ್ಲಿ ಓಡುವುದಿಲ್ಲ. ಮೊದಲ ಸಾಲಿನಲ್ಲೇ ಕಾನ್ಫಿಗ್ ಆವೃತ್ತಿ ಬರೆಯಬೇಕು, ಮೇಲ್_ಲೊಕೇಶನ್ ಎಂಬುದು ಮೇಲ್_ಡ್ರೈವರ್, ಮೇಲ್_ಪಾತ್ ಎಂದು ಒಡೆದಿದೆ, ಸರ್ಟಿಫಿಕೇಟ್ ಸಾಲಿನ ಹೆಸರೂ ಬದಲು. ಎರಡು ಸರ್ವರ್‌ಗಳ ನಡುವೆ ತಾನಾಗಿ ನಡೆಯುತ್ತಿದ್ದ ರೆಪ್ಲಿಕೇಶನ್ ಅನ್ನೂ ತೆಗೆದಿದ್ದಾರೆ. ಓಎಸ್ ಅಪ್‌ಗ್ರೇಡ್ ಮಾಡುವ ಮೊದಲು ಹೊಸ ಕಾನ್ಫಿಗ್ ಬೇರೊಂದು ಯಂತ್ರದಲ್ಲಿ ಬರೆದು, ‘ಡವ್‌ಕಾನ್ಫ್ -ಎನ್’ ತಕರಾರಿಲ್ಲದೆ ಓದುತ್ತದೆಯೇ ಎಂದು ನೋಡಿಕೊಳ್ಳದವರು ರಾತ್ರಿ ನಿದ್ದೆ ಕಳೆದುಕೊಳ್ಳುತ್ತಾರೆ.

ಟಿಎಲ್‌ಎಸ್ ಸರ್ಟಿಫಿಕೇಟ್ ನವೀಕರಣವಾದ ಮೇಲೆ ಪೋಸ್ಟ್‌ಫಿಕ್ಸ್‌ನ ಪ್ರಕ್ರಿಯೆಗಳು ಆಗಾಗ ಸತ್ತು ಹುಟ್ಟುವುದರಿಂದ ಹೊಸದನ್ನು ತಾವೇ ಎತ್ತಿಕೊಳ್ಳುತ್ತವೆ. ಡವ್‌ಕಾಟ್‌ಗೆ ರೀಲೋಡ್ ಕೊಡಲೇಬೇಕು. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಳಸುವವರು ನವೀಕರಣದ ಹುಕ್‌ನಲ್ಲಿ (ನವೀಕರಣವಾದಾಗ ತಾನಾಗಿ ಓಡುವ ಕಮಾಂಡ್) ಎರಡಕ್ಕೂ ರೀಲೋಡ್ ಬರೆದಿಡುವುದು ಕ್ಷೇಮ. ಫೈಲ್ ಆರಿಸುವಾಗ ನಡುವಿನ ಸರ್ಟಿಫಿಕೇಟ್‌ಗಳೂ ಇರುವ ಫುಲ್‌ಚೈನ್ ಆರಿಸಿ. ಬರೀ ಸರ್ಟ್ ಫೈಲ್ ಕೊಟ್ಟರೆ ಒಂದು ಆ್ಯಪ್‌ನಲ್ಲಿ ನಡೆದು ಇನ್ನೊಂದರಲ್ಲಿ ‘ನಂಬಲಾಗದ ಸರ್ವರ್’ ಎಂದು ಬರುತ್ತದೆ.

ಆರ್‌ಸ್ಪ್ಯಾಮ್‌ಡಿ ಈ ಮೂರರಲ್ಲಿ ಹೆಚ್ಚು ಕೆಲಸ ಮಾಡಿ ಕಡಿಮೆ ಮಾತಾಡುವ ಆಸಾಮಿ. ಪೋಸ್ಟ್‌ಫಿಕ್ಸ್‌ಗೆ ಮಿಲ್ಟರ್ (ಮೇಲ್ ಸೋಸುವ ಫಿಲ್ಟರ್) ಆಗಿ 11332ನೇ ಪೋರ್ಟ್‌ನಲ್ಲಿ ಜೋಡಿಸಬೇಕು, ಅಂಕಿಅಂಶ ನೋಡುವ ವೆಬ್ ಪುಟ 11334ರಲ್ಲಿ. ಡೀಫಾಲ್ಟ್ ಅಂಕಗಳು ಹೀಗೆ: 4 ದಾಟಿದರೆ ಗ್ರೇಲಿಸ್ಟ್ (ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸು ಎನ್ನುವುದು), 6ಕ್ಕೆ ಸ್ಪ್ಯಾಮ್ ಹೆಡರ್, 15ಕ್ಕೆ ತಿರಸ್ಕಾರ. ಇವನ್ನು ಮೊದಲ ದಿನವೇ ತಿದ್ದಲು ಹೋಗಬೇಡಿ. ಮಾದರಿಗಳಿಂದ ಸ್ಪ್ಯಾಮ್ ಗುರುತಿಸಲು ಕಲಿಯುವ ಬೇಯ್ಸ್ ವಿಧಾನಕ್ಕೆ ಸ್ಪ್ಯಾಮ್ 200, ಒಳ್ಳೆಯ ಮೇಲ್ 200 ತಿನ್ನಿಸುವವರೆಗೆ ಆ ಭಾಗ ಬಾಯಿಯೇ ಬಿಡುವುದಿಲ್ಲ, ಕಲಿಸಲು ರೆಡಿಸ್ ಎಂಬ ಡೇಟಾಬೇಸ್ ಓಡುತ್ತಿರಬೇಕು. ಓಟಿಪಿ ಮೇಲ್ ಐದು ನಿಮಿಷ ತಡವಾಗಿ ಬರುತ್ತಿದೆ ಎಂಬ ದೂರು ಬಂದರೆ ಗ್ರೇಲಿಸ್ಟ್ ಮೇಲೆ ಗುಮಾನಿ ಪಡಿ.

ಮೇಲ್ ನಿಮ್ಮ ಡೊಮೇನ್‌ನದೇ ಎಂದು ಸಾಬೀತು ಮಾಡುವ ಡಿಕಿಮ್ ಸಹಿ ಆಗುತ್ತಿಲ್ಲ ಎಂಬ ದೂರಿಗೆ ಮೂರು ಕಡೆ ನೋಡಿ. ಕೀ ಫೈಲ್ ಅನ್ನು ಆರ್‌ಸ್ಪ್ಯಾಮ್‌ಡಿಯ ಯೂಸರ್ ಓದಬಲ್ಲನೇ. ಲಾಗಿನ್ ಹೆಸರು ಪೂರ್ತಿ ವಿಳಾಸವೇ, ಅಥವಾ @ ಮುಂದಿನ ಭಾಗ ಇಲ್ಲದ ಬರೀ ಹೆಸರೇ. ಡೊಮೇನ್ ಹೊಂದದಿದ್ದರೆ ಅದು ಎರರ್ ಕೊಡದೆ ಸುಮ್ಮನೆ ಸಹಿ ಬಿಟ್ಟುಬಿಡುತ್ತದೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಅದೇ ಸರ್ವರ್‌ನ ವೆಬ್‌ಸೈಟ್ ಸೆಂಡ್‌ಮೇಲ್ ಕಮಾಂಡ್ ಮೂಲಕ ಕಳಿಸುವ ಮೇಲ್ ಎಸ್‌ಎಮ್‌ಟಿಪಿಡಿಯನ್ನು ಹಾಯುವುದೇ ಇಲ್ಲ. ಅದಕ್ಕೆ ನಾನ್_ಎಸ್‌ಎಮ್‌ಟಿಪಿಡಿ_ಮಿಲ್ಟರ್ಸ್ ಅನ್ನು ಬೇರೆಯಾಗಿ ಬರೆಯಬೇಕು. ಮಿಲ್ಟರ್ ಬಿದ್ದಾಗ ಪೋಸ್ಟ್‌ಫಿಕ್ಸ್‌ನ ಡೀಫಾಲ್ಟ್ ನಡೆ ಟೆಂಪ್‌ಫೇಲ್, ಅಂದರೆ ಆರ್‌ಸ್ಪ್ಯಾಮ್‌ಡಿ ನಿಂತರೆ ಮೇಲ್ ಕೂಡ ನಿಲ್ಲುತ್ತದೆ. ಆಕ್ಸೆಪ್ಟ್ ಎಂದು ಬದಲಿಸಿದರೆ ಮೇಲ್ ಸಾಗುತ್ತದೆ, ಆದರೆ ಸಹಿ ಇಲ್ಲದೆ, ಸ್ಪ್ಯಾಮ್ ಸಮೇತ. ನಮ್ಮ ಒಲವು ಟೆಂಪ್‌ಫೇಲ್ ಕಡೆಗೇ. ಸ್ವಲ್ಪ ತಡವಾದ ಮೇಲ್ ಪರವಾಗಿಲ್ಲ, ಸಹಿಯಿಲ್ಲದೆ ಹೋದದ್ದು ಜಂಕ್‌ಗೆ ಬೀಳುತ್ತದೆ.

2048 ಬಿಟ್‌ನ ಡಿಕಿಮ್ ಕೀ ಡಿಎನ್‌ಎಸ್‌ನ ಒಂದು ತುಂಡಿನ 255 ಅಕ್ಷರದ ಮಿತಿ ಮೀರುತ್ತದೆ. ಎರಡು ಉದ್ಧರಣ ತುಂಡುಗಳಾಗಿ ಒಂದೇ ದಾಖಲೆಯಲ್ಲಿ ಬರೆಯಬೇಕು, ಎರಡು ಬೇರೆ ದಾಖಲೆಗಳಾಗಿ ಅಲ್ಲ. ಡೊಮೇನ್ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ದಾಖಲೆ ಡೊಮೇನ್‌ಗೆ ಒಂದೇ ಇರಬೇಕು. ಎರಡು ಇದ್ದರೆ ಎರಡೂ ಅಸಿಂಧು. ಅದರೊಳಗೆ ಡಿಎನ್‌ಎಸ್ ಹುಡುಕಾಟ ತರಿಸುವ ಪದಗಳು 10 ದಾಟಬಾರದು. ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹುಡುಕುವುದು), ಅದು ತೋರಿಸುವ ಹೆಸರು, ಆ ಹೆಸರಿನ ಐಪಿ ಮೂರೂ ಒಂದಕ್ಕೊಂದು ಹೊಂದಬೇಕು. ಐಪಿವಿ4ಗೆ ಎಲ್ಲ ಸರಿ ಮಾಡಿ ಐಪಿವಿ6ಗೆ ರಿವರ್ಸ್ ಹಾಕಲು ಮರೆತವರ ಮೇಲ್ ಅನ್ನು ಜಿಮೇಲ್ ನೇರವಾಗಿ ಹಿಂದಿರುಗಿಸುತ್ತದೆ. ರಿವರ್ಸ್ ಸಿಗುವವರೆಗೆ ಇನೆಟ್_ಪ್ರೋಟೋಕಾಲ್ಸ್ ಅನ್ನು ಐಪಿವಿ4ಕ್ಕೆ ಇಟ್ಟು ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿ, ಇದಕ್ಕೆ ರೀಲೋಡ್ ಸಾಲದು. 2024ರ ಫೆಬ್ರವರಿಯಿಂದ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಜಿಮೇಲ್‌ಗೆ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಅವೆರಡೂ ಸೋತರೆ ಏನು ಮಾಡಬೇಕೆಂದು ಹೇಳುವ ದಾಖಲೆ) ಮೂರೂ ಕಡ್ಡಾಯ.

ಖಾತೆಯೊಂದರ ಪಾಸ್‌ವರ್ಡ್ ಕಳವಾಗಿ ಸ್ಪ್ಯಾಮ್ ಹರಿಯತೊಡಗಿದರೆ ಪೋಸ್ಟ್‌ಫಿಕ್ಸ್ ಕೊಡುವ ಸಲಕರಣೆ ಚೆನ್ನಾಗಿದೆ. ‘ಕ್ಯೂಶೇಪ್ ಡಿಫರ್ಡ್’ ಯಾವ ಡೊಮೇನ್‌ಗೆ ಎಷ್ಟು, ಎಷ್ಟು ನಿಮಿಷದಿಂದ ನಿಂತಿದೆ ಎಂದು ಕೋಷ್ಟಕ ಹಾಕಿಕೊಡುತ್ತದೆ. ‘ಪೋಸ್ಟ್‌ಕ್ಯಾಟ್ -ಕ್ಯೂ’ ಮುಂದೆ ಕ್ಯೂ ಐಡಿ ಕೊಟ್ಟರೆ ಪತ್ರವೇ ತೆರೆದುಕೊಳ್ಳುತ್ತದೆ. ಯಾರ ಖಾತೆ ಎಂದು ಲಾಗ್‌ನ ಎಸ್‌ಎಎಸ್‌ಎಲ್_ಯೂಸರ್‌ನೇಮ್ ಹೇಳುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಆ ಮೇಲ್‌ಗಳನ್ನು ‘ಪೋಸ್ಟ್‌ಸೂಪರ್ -ಎಚ್’ ಕೊಟ್ಟು ತಡೆಹಿಡಿಯಿರಿ, ನೋಡಿ ಅಳಿಸಿ. ಗಾಬರಿಯಲ್ಲಿ ‘-ಡಿ ಆಲ್’ ಕೊಟ್ಟವರು ಒಳ್ಳೆಯ ಮೇಲ್‌ಗಳನ್ನೂ ಕಳೆದುಕೊಳ್ಳುತ್ತಾರೆ. ಆದರೆ ಇದನ್ನು ತಡೆಯುವ ಸೆಟ್ಟಿಂಗ್ ಡೀಫಾಲ್ಟ್ ಆಗಿ ಇಲ್ಲ: ಲಾಗಿನ್ ಆದವನು ಯಾವ ಕಳಿಸುವ ವಿಳಾಸವನ್ನಾದರೂ ಹಾಕಿಕೊಳ್ಳಬಹುದು. ಸೆಂಡರ್_ಲಾಗಿನ್_ಮ್ಯಾಪ್ಸ್ ಬರೆದು ‘ರಿಜೆಕ್ಟ್_ಸೆಂಡರ್_ಲಾಗಿನ್_ಮಿಸ್‌ಮ್ಯಾಚ್’ ಹಾಕುವುದು ನಿಮ್ಮ ತಲೆಗೇ ಬಿಟ್ಟದ್ದು.

ಇಷ್ಟೆಲ್ಲ ಬೇಡ ಎನ್ನುವವರಿಗೆ ಇದೇ ಮೂರನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುವ ಮೇಲ್‌ಕೌ ಇದೆ. ಬೇಗ ಎದ್ದು ನಿಲ್ಲುತ್ತದೆ, ಮೆಮೊರಿ ಹೆಚ್ಚು ಕೇಳುತ್ತದೆ, ಅದರಲ್ಲೂ ವೈರಸ್ ಹುಡುಕುವ ಕ್ಲಾಮ್‌ಎವಿ ಒಂದೇ 1 ಜಿಬಿಗಿಂತ ಹೆಚ್ಚು ತಿನ್ನುತ್ತದೆ. ಆದರೆ ಕೆಟ್ಟ ದಿನ ಓದಬೇಕಾದ್ದು ಮತ್ತೆ ಇದೇ ಪೋಸ್ಟ್‌ಫಿಕ್ಸ್ ಲಾಗ್, ಈ ಸಲ ಡಾಕರ್ ಒಳಗೆ ಇಣುಕಿ.

ಹೊಸ ಯಂತ್ರಕ್ಕೆ ಸಾಗಿಸುವಾಗ ಪೋಸ್ಟ್‌ಫಿಕ್ಸ್, ಡವ್‌ಕಾಟ್, ಆರ್‌ಸ್ಪ್ಯಾಮ್‌ಡಿ ಮೂರರ ಎಟಿಸಿ (ಸೆಟ್ಟಿಂಗ್) ಫೋಲ್ಡರ್‌ಗಳು, ಡಿಕಿಮ್ ಕೀಗಳು, ಮೇಲ್‌ಗಳಿರುವ ಮೇಲ್‌ಡಿರ್, ರೆಡಿಸ್‌ನ ಡೇಟಾ ಬೇಕು. ಕ್ಯೂನಲ್ಲಿ ಉಳಿದ ಮೇಲ್ ಕೂಡ ಬೇಕಿದ್ದರೆ ಪೋಸ್ಟ್‌ಫಿಕ್ಸ್ ನಿಲ್ಲಿಸಿ ಆಮೇಲೆ ನಕಲಿಸಿ. ಕ್ಯೂ ಫೈಲ್‌ನ ಹೆಸರು ಡಿಸ್ಕ್ ಪ್ರತಿ ಫೈಲ್‌ಗೂ ಕೊಡುವ ಐನೋಡ್ ಸಂಖ್ಯೆಗೆ ಹೊಂದಿಕೊಂಡಿರುತ್ತದೆ, ಹೊಸ ಡಿಸ್ಕ್‌ನಲ್ಲಿ ಆ ಸಂಖ್ಯೆ ಬೇರೆ. ಸರ್ವರ್ ಶುರು ಮಾಡುವ ಮೊದಲು ‘ಪೋಸ್ಟ್‌ಸೂಪರ್ -ಎಸ್’ ಓಡಿಸಿದರೆ ಹೆಸರುಗಳನ್ನು ಅದೇ ಸರಿಪಡಿಸುತ್ತದೆ.